ಕರಡು ಮಾನಕವೂ ಮಾರ್ಚ್ 31ರ ಗಡುವೂ

2008ರ ಫೆಬ್ರವರಿ ಕೊನೆಯ ವಾರದ ಒಂದು ಮಧ್ಯಾಹ್ನ, ನಮ್ಮ ಎಂಜಿನಿಯರಿಂಗ್ ಕಾಲೇಜಿನ ಖರೀದಿ ಸಮಿತಿಯ ಮುಂದೆ ನಾನು ಮೂರು ಕೊಟೇಶನ್‌ಗಳನ್ನು ಹಿಡಿದು ಕುಳಿತಿದ್ದೆ. ಗ್ರಂಥಾಲಯಕ್ಕೂ ಎರಡು ಹಾಸ್ಟೆಲ್‌ಗಳಿಗೂ ವೈ-ಫೈ ಹಾಕಿಸಲು ಅನುದಾನ ಬಂದಿತ್ತು. ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ಆ ಹಣ ವಾಪಸ್ಸು ಹೋಗುತ್ತಿತ್ತು. ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ ನನ್ನ ಕೊರಳಿಗೆ ನೆಟ್‌ವರ್ಕಿನ ಉಸ್ತುವಾರಿಯೂ ಬಿದ್ದಿದ್ದರಿಂದ, ಏನು ಕೊಳ್ಳಬೇಕೆಂದು ಹೇಳುವ ಹೊಣೆ ನನ್ನದಾಗಿತ್ತು.

ಆಗ ಎಲ್ಲೆಡೆ ಬಳಕೆಯಲ್ಲಿದ್ದದ್ದು 2003ರಲ್ಲಿ ಬಂದ 802.11ಜಿ ಎಂಬ ವೈ-ಫೈ ಮಾನಕ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 54 ಮೆಗಾಬಿಟ್ ಎಂದಿದ್ದರೂ ಕೈಗೆ ಸಿಗುತ್ತಿದ್ದದ್ದು ಇಪ್ಪತ್ತರ ಆಸುಪಾಸು, ಅದನ್ನೂ ಅಲ್ಲಿರುವವರೆಲ್ಲ ಹಂಚಿಕೊಳ್ಳಬೇಕಿತ್ತು. ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಬೇರೆ ಬೇರೆ ದತ್ತಾಂಶವನ್ನು ಕಳಿಸುವ 802.11ಎನ್ 300 ಮೆಗಾಬಿಟ್‌ನ ಆಸೆ ತೋರಿಸುತ್ತಿತ್ತಾದರೂ ಅದಿನ್ನೂ ಕರಡಾಗಿಯೇ ಇತ್ತು. ಮೊದಲ ಕರಡು 2006ರಲ್ಲಿ ಮತಕ್ಕೆ ಹಾಕಿದಾಗ ಬಿದ್ದುಹೋಗಿ, ಎರಡನೆಯದಕ್ಕೆ 2007ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತ್ತು. ಆ ಜೂನ್‌ನಿಂದ ತಯಾರಕರ ಒಕ್ಕೂಟವಾದ ವೈ-ಫೈ ಅಲಯನ್ಸ್ ಕರಡನ್ನೇ ಆಧಾರವಾಗಿಟ್ಟುಕೊಂಡು ಉಪಕರಣಗಳಿಗೆ ಪ್ರಮಾಣಪತ್ರ ಕೊಡಲಾರಂಭಿಸಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಎಂದು ನನಗೆ ಅನ್ನಿಸಿತ್ತು.

ಕಾಲೇಜಿನ ಇಂಟರ್‌ನೆಟ್ ಸಂಪರ್ಕವೇ 2 ಮೆಗಾಬಿಟ್ ಆಗಿರುವಾಗ ಈ ಚರ್ಚೆಯೇ ಏಕೆ ಎಂದು ಪ್ರಾಂಶುಪಾಲರು ಕೇಳಿದ್ದು ನ್ಯಾಯವಾಗಿತ್ತು. ಆದರೆ ಐಐಟಿ, ಐಐಎಸ್ಸಿಗಳ ಎನ್‌ಪಿಟಿಇಎಲ್ ಯೋಜನೆಯ ವಿಡಿಯೋ ಪಾಠಗಳನ್ನು ನಾವು ಗ್ರಂಥಾಲಯದ ಸರ್ವರ್‌ನಲ್ಲೇ ಇಟ್ಟುಕೊಂಡಿದ್ದೆವು. ಪರೀಕ್ಷೆಯ ಹಿಂದಿನ ರಾತ್ರಿ ನೂರು ಮಂದಿ ಒಟ್ಟಿಗೆ ಅವುಗಳ ಮೇಲೆ ಬಿದ್ದರೆ ತಡೆದುಕೊಳ್ಳಬೇಕಾದದ್ದು ಹೊರಗಿನ ಸಂಪರ್ಕವಲ್ಲ, ಒಳಗಿನ ಜಾಲ.

ಸರಬರಾಜುದಾರರೊಬ್ಬರು ಹಿಂದಿನ ದಿನವೇ ನನ್ನ ಕೊಠಡಿಗೆ ಬಂದು, “ಸರ್, ಡ್ರಾಫ್ಟ್-ಎನ್ನೇ ತಗೊಳ್ಳಿ. ಫೈನಲ್ ಆದಮೇಲೆ ಫರ್ಮ್‌ವೇರ್ ಹಾಕಿಕೊಟ್ಟರಾಯ್ತು” ಎಂದಿದ್ದರು. ಫರ್ಮ್‌ವೇರ್ ಎಂದರೆ ಉಪಕರಣದೊಳಗಿನ ತಂತ್ರಾಂಶ. ಆ ಮಾತನ್ನೇ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ ಎಂದೆ. “ಕಂಪನಿಯವರನ್ನ ಕೇಳಿ ಹೇಳ್ತೀನಿ ಸರ್” ಎಂದು ನಗುತ್ತಾ ಎದ್ದರು. ಸಭೆ ಆರಂಭವಾಗುವವರೆಗೂ ಆ ಪತ್ರ ಬರಲಿಲ್ಲ.

ನನ್ನ ಬಳಿ ಇದ್ದ ಇನ್ನೊಂದು ಸಾಕ್ಷ್ಯವೆಂದರೆ ಒಂದು ಭಾನುವಾರ ಹಾಸ್ಟೆಲ್ ಕೋಣೆಗಳನ್ನು ಸುತ್ತಿ, ಹುಡುಗರ ಲ್ಯಾಪ್‌ಟಾಪ್‌ಗಳಲ್ಲಿ ಯಾವ ಕಾರ್ಡ್ ಇದೆಯೆಂದು ಬರೆದುಕೊಂಡ ಪಟ್ಟಿ. ಎಲ್ಲ ಸೇರಿ ನಲವತ್ತಮೂರು ಯಂತ್ರಗಳಲ್ಲಿ ‘ಎನ್’ ಇದ್ದದ್ದು ನಾಲ್ಕರಲ್ಲಿ ಮಾತ್ರ; ಉಳಿದವು ಹೊಸ ಪೆಟ್ಟಿಗೆಯ ಜೊತೆಗೂ ಹಳೆಯ ವೇಗದಲ್ಲೇ ಮಾತಾಡುತ್ತಿದ್ದವು. ಸಾಲದೆಂಬಂತೆ, ವೈ-ಫೈ ಓಡುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ ಆಗಿರುವಾಗ, 300ರ ವೇಗಕ್ಕೆ ದುಪ್ಪಟ್ಟು ಅಗಲದ ಚಾನೆಲ್ ಬೇಕೆಂದರೆ ವೈ-ಫೈ ಸಂಕೇತ ಬೀರುವ ಪಕ್ಕದ ಪೆಟ್ಟಿಗೆಗೆ, ಅಂದರೆ ಆಕ್ಸೆಸ್ ಪಾಯಿಂಟಿಗೆ, ಜಾಗ ಉಳಿಯುವುದೆಲ್ಲಿ?

“ದುಡ್ಡು ಇದ್ದಾಗ ಹೊಸದನ್ನೇ ತಗೋಬೇಕಲ್ವೇ ಸರ್, ಮುಂದಿನ ವರ್ಷ ಕೊಡ್ತಾರೆ ಅಂತ ಯಾರು ಕಂಡವರು?” ಎಂದರು ಲೆಕ್ಕಪತ್ರದ ಸೂಪರಿಂಟೆಂಡೆಂಟ್. ನಿಜ ಹೇಳಬೇಕೆಂದರೆ ಕಾಯುವ ಅವಕಾಶವೇ ನಮಗಿರಲಿಲ್ಲ, ಯಾವುದರ ಮೇಲೆ ಖರ್ಚು ಮಾಡಬೇಕೆಂಬ ಆಯ್ಕೆಯಷ್ಟೇ ಇತ್ತು. ಹಾಗಾಗಿ ಮಾನಕ ಯಾವುದೇ ಬಂದರೂ ಬದಲಾಗದ್ದಕ್ಕೆ ದೊಡ್ಡ ಪಾಲು ಕೊಡೋಣವೆಂದೆ: ಪ್ರತಿ ಮಹಡಿಗೆ ಕ್ಯಾಟ್-6 ಕೇಬಲ್, ಗಿಗಾಬಿಟ್ ಸ್ವಿಚ್‌ಗಳು, ಅದೇ ಕೇಬಲ್‌ನಲ್ಲಿ ವಿದ್ಯುತ್ತನ್ನೂ ಕಳಿಸುವ ಪಿಒಇ ವ್ಯವಸ್ಥೆ, ತುರ್ತಿಗೆ ಅಗ್ಗದ ‘ಜಿ’ ಆಕ್ಸೆಸ್ ಪಾಯಿಂಟ್‌ಗಳು ಆರೇ ಆರು. ಮುಕ್ಕಾಲು ಗಂಟೆ ವಾದವಾದ ಮೇಲೆ ಸಮಿತಿ ಒಪ್ಪಿತು. ವೈ-ಫೈ ಎಂದು ಹೇಳಿ ತಂತಿ ಎಳೆಸಿದರೆಂದು ಸ್ಟಾಫ್ ರೂಮಿನಲ್ಲಿ ಬಹಳ ದಿನ ನನ್ನನ್ನು ಗೇಲಿ ಮಾಡಿದರು.

802.11ಎನ್‌ಗೆ ಅಂತಿಮ ಅನುಮೋದನೆ ಸಿಕ್ಕಿದ್ದು 2009ರ ಸೆಪ್ಟೆಂಬರ್ 11ರಂದು. ಎರಡನೆಯ ಕರಡಿಗೂ ಅದಕ್ಕೂ ಮೂಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆ ಕರಡಿನ ಪ್ರಕಾರ ಪ್ರಮಾಣೀಕೃತವಾಗಿದ್ದ ಉಪಕರಣಗಳು ಹೊಸವುಗಳ ಜೊತೆ ಹೊಂದಿಕೊಂಡೇ ಕೆಲಸ ಮಾಡಿದವು. ಅಂದರೆ ಪತ್ರ ಬರೆದುಕೊಡದ ಆ ಸರಬರಾಜುದಾರರ ಮಾತೇ ನಿಜವಾಗಿತ್ತು.

2010ರ ಜೂನ್‌ನಲ್ಲಿ ಹೊಸ ಅನುದಾನ ಬಂದಾಗ ‘ಎನ್’ ಕೊಂಡೆವು, ಕೇಬಲ್‌ಗೆ ಯಾರೂ ಕೈ ಹಚ್ಚಬೇಕಾಗಲಿಲ್ಲ. ಆದರೆ ನಾನು ಅಷ್ಟು ಹೆಮ್ಮೆಯಿಂದ ಕೊಡಿಸಿದ್ದ ಪಿಒಇ ಸ್ವಿಚ್‌ಗಳು ಪ್ರತಿ ಪೋರ್ಟ್‌ನಲ್ಲಿ ಕೊಡಬಲ್ಲದ್ದು 15.4 ವಾಟ್, ನಾವು ತರಿಸಿದ, ಎರಡು ರೇಡಿಯೋಗಳಿದ್ದ ಹೊಸ ಮಾದರಿಗೆ ಅದು ಸಾಲಲಿಲ್ಲ. ಹೆಚ್ಚು ವಿದ್ಯುತ್ ಕೊಡುವ 802.3ಎಟಿ ಮಾನಕವೂ 2009ರಲ್ಲೇ ಬಂದಿತ್ತೆಂಬುದು ನನಗೆ ಗೊತ್ತಾದದ್ದು, ಎಲೆಕ್ಟ್ರಿಷಿಯನ್ ಏಣಿ ಹತ್ತಿ ಹಾಸ್ಟೆಲ್ ಕಾರಿಡಾರ್‌ನ ಸೂರಿನ ಹತ್ತಿರ ಒಂದೊಂದೇ ಪ್ಲಗ್ ಪಾಯಿಂಟ್ ಕೂರಿಸುತ್ತಿದ್ದಾಗ.