ಏಳೂವರೆ ತಿಂಗಳ ಪ್ರಧಾನಿ ಬಗ್ಗೆ ಇಷ್ಟೊಂದು ಮಾತು ಯಾಕೆ?

ಫ್ರಾನ್ಸ್ ರಾಜಕೀಯದ ಮಾತು ಬಂದಾಗೆಲ್ಲ ನಾನು ಪಿಯೆರ್ ಮೆಂಡೆಸ್ ಫ್ರಾನ್ಸ್ ಹೆಸರು ಎತ್ತುತ್ತೇನೆ. ಕೂಡಲೇ ಪ್ರಶ್ನೆ ಬರುತ್ತದೆ: "ದ ಗಾಲ್ ಅಂಥ ದೊಡ್ಡ ನಾಯಕರನ್ನು ಬಿಟ್ಟು, ಏಳೂವರೆ ತಿಂಗಳು ಪ್ರಧಾನಿಯಾಗಿದ್ದವರನ್ನು ಹಿಡ್ಕೊಂಡು ಕೂತಿದ್ದೀಯಲ್ಲ, ಯಾಕೆ?"

ಕುರ್ಚಿ ಹತ್ತುವ ಮೊದಲೇ ಇಳಿಯುವ ತಾರೀಕು ಹೇಳಿದವರು ಅವರು, ಅದಕ್ಕೆ. 1954ರ ಮೇ 7ರಂದು ವಿಯೆಟ್ನಾಂನ ದಿಯೆನ್ ಬಿಯೆನ್ ಫುನಲ್ಲಿ ಫ್ರೆಂಚ್ ಸೇನೆ ಸೋತಿತ್ತು. ವಿಯೆಟ್ನಾಂ ಸುತ್ತಲಿನ ತನ್ನ ವಸಾಹತು ಇಂಡೋಚೀನಾವನ್ನು ಉಳಿಸಿಕೊಳ್ಳಲು ಫ್ರಾನ್ಸ್ ನಡೆಸುತ್ತಿದ್ದ ಯುದ್ಧಕ್ಕೆ ಆಗಲೇ ಎಂಟನೇ ವರ್ಷ. ಜೂನ್‌ನಲ್ಲಿ ಸಂಸತ್ತಿನ ಮುಂದೆ ನಿಂತ ಮೆಂಡೆಸ್, ಜುಲೈ 20ರೊಳಗೆ ಯುದ್ಧ ನಿಲ್ಲಿಸುತ್ತೇನೆ, ಆಗದಿದ್ದರೆ ರಾಜೀನಾಮೆ ಕೊಡುತ್ತೇನೆ ಎಂದರು. ಕಮ್ಯುನಿಸ್ಟರ ಮತ ನನ್ನ ಲೆಕ್ಕಕ್ಕೆ ಬೇಡ ಅಂತಲೂ ಸೇರಿಸಿದರು. ಬರುವ ಮತ ಬೇಡ ಅನ್ನುವ ರಾಜಕಾರಣಿ! ಜಿನೀವಾದಲ್ಲಿ ಕದನವಿರಾಮ ಒಪ್ಪಂದಕ್ಕೆ ಸಹಿ ಬೀಳುವಾಗ ಮಧ್ಯರಾತ್ರಿ ದಾಟಿ 21 ಆಗಿತ್ತು. ಕಾಗದದ ಮೇಲೆ 20 ಎಂದೇ ಬರೆದರು. ಅಷ್ಟು ರಿಯಾಯಿತಿ ಕೊಡೋಣ ಬಿಡಿ.

ಹುಟ್ಟಿದ್ದು 1907ರಲ್ಲಿ, ಪ್ಯಾರಿಸ್ಸಿನ ಯಹೂದಿ ಕುಟುಂಬದಲ್ಲಿ. 25ಕ್ಕೇ ಸಂಸದ. ಎರಡನೇ ಮಹಾಯುದ್ಧದ ಕಾಲದಲ್ಲಿ, ಜರ್ಮನಿ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಸುಳ್ಳು ಆರೋಪ ಹೊರಿಸಿ ಕ್ಲೆರ್ಮೋಂ ಫೆರಾಂ ಊರಿನಲ್ಲಿ ಸೆರೆಯಲ್ಲಿಟ್ಟಿತು. 1941ರ ಜೂನ್‌ನಲ್ಲಿ ತಪ್ಪಿಸಿಕೊಂಡ ರಾತ್ರಿಯ ಕಥೆಯನ್ನು ಮುಂದೆ ಅವರೇ ಹೇಳಿದ್ದಾರೆ. ಗೋಡೆ ಹತ್ತಿದ್ದಾರೆ, ಇನ್ನೇನು ಜಿಗಿಯಬೇಕು, ಕೆಳಗೆ ಮರದಡಿ ಒಂದು ಜೋಡಿ. ಹುಡುಗ ಏನೋ ಬೇಡ್ತಾ ಇದ್ದಾನೆ, ಹುಡುಗಿ ಒಪ್ತಾ ಇಲ್ಲ. ಇವರು ಉಸಿರು ಬಿಗಿಹಿಡಿದು ಮೇಲೆ ಕೂತಿದ್ದಾರೆ. ತುಂಬಾ ಹೊತ್ತಾದ ಮೇಲೆ ಆಕೆ ಹೂಂ ಅಂದಳು. ಆ ಹುಡುಗನಿಗಿಂತ ಜಾಸ್ತಿ ಖುಷಿಪಟ್ಟವರು ಗೋಡೆ ಮೇಲಿದ್ದವರೇ. ಆಮೇಲೆ ಲಂಡನ್ ಸೇರಿ, ಜರ್ಮನಿ ವಿರುದ್ಧ ಹೋರಾಡುತ್ತಿದ್ದ ದ ಗಾಲ್ ಪಾಳಯದ ಬಾಂಬರ್ ವಿಮಾನಗಳಲ್ಲಿ ಹಾರಿದರು.

ಪ್ರಧಾನಿಯಾಗಿ, ಫ್ರಾನ್ಸ್ ಹಿಡಿತದಲ್ಲಿದ್ದ ಟ್ಯುನೀಷಿಯಾಕ್ಕೆ ಸ್ವಂತ ಆಡಳಿತದ ಭರವಸೆ ಕೊಟ್ಟರು. ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಂಗಳ ಆಡಳಿತ 1954ರ ನವೆಂಬರ್ 1ರಂದು ಭಾರತಕ್ಕೆ ಬಂದದ್ದೂ ಅವರ ಕಾಲದಲ್ಲೇ. ಇದನ್ನು ಹೇಳಿದಾಗ ಮಾತ್ರ ಕೇಳಿದವರು ಹುಬ್ಬೇರಿಸುತ್ತಾರೆ.

ಸಂಸತ್ತಿನಲ್ಲಿ ಭಾಷಣದ ನಡುವೆ ಅವರು ಕುಡಿಯುತ್ತಿದ್ದದ್ದು ಹಾಲು. ಶಾಲೆ ಮಕ್ಕಳಿಗೂ ಹಾಲು ಕೊಡಿಸಿದರು, ಸಾರಾಯಿ ಬಟ್ಟಿ ಇಳಿಸುವವರ ಸವಲತ್ತಿಗೆ ಕೈ ಹಾಕಿದರು. ವೈನ್ ನಾಡಿನಲ್ಲಿ ಇದನ್ನು ಸುಮ್ನೆ ಬಿಡ್ತಾರಾ? ಯಹೂದಿ ಅನ್ನುವ ಹಂಗಿಸುವಿಕೆ ಮೊದಲೇ ಇತ್ತು. 1955ರ ಫೆಬ್ರವರಿ 5ರಂದು ಉತ್ತರ ಆಫ್ರಿಕಾ ನೀತಿಯ ಮೇಲಿನ ಮತದಾನದಲ್ಲಿ ಸರ್ಕಾರ ಬಿತ್ತು. ಹಾಲಿನ ಸಿಟ್ಟೂ ಅದರಲ್ಲಿ ಸೇರಿತ್ತು ಅಂತ ನನ್ನ ಗುಮಾನಿ.

1956ರಲ್ಲಿ ಮತ್ತೆ ಮಂತ್ರಿಯಾದರು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಅಲ್ಜೀರಿಯಾದ ಬಗೆಗಿನ ಸರ್ಕಾರದ ನೀತಿ ಒಪ್ಪದೆ ಮೇ ತಿಂಗಳಲ್ಲೇ ಬಿಟ್ಟು ಬಂದರು. 1958ರಲ್ಲಿ ಸೇನೆಯ ದಂಗೆಯ ನೆರಳಲ್ಲಿ ದ ಗಾಲ್ ಅಧಿಕಾರಕ್ಕೆ ಮರಳಿದಾಗ, ಯುದ್ಧಕಾಲದ ಆ ತಮ್ಮ ನಾಯಕನ ವಿರುದ್ಧವೇ ಮತ ಹಾಕಿದರು. ಅದೇ ವರ್ಷದ ಚುನಾವಣೆಯಲ್ಲಿ ಸೀಟೂ ಹೋಯಿತು.