ಮದುವೆ ಫೋಟೋ ಬಜೆಟ್: ಮೊದಲು ಪುರೋಹಿತರನ್ನು ಕೇಳಿ

ಮೈಸೂರಿನಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ಫೋನ್ ಮಾಡುವವರು ಮೊದಲು ಕೇಳುವುದು "ಪ್ಯಾಕೇಜ್ ಎಷ್ಟು ಸಾರ್?" ಅಂತ. ನಾನು ತಿರುಗಿ ಕೇಳುತ್ತೇನೆ: "ಪುರೋಹಿತರ ಹತ್ತಿರ ಮಾತಾಡಿದ್ರಾ? ಯಾವ ಶಾಸ್ತ್ರ ಎಷ್ಟು ಹೊತ್ತಿಗೆ?" ಎಷ್ಟು ಜನ ಬೇಕು, ಎಷ್ಟು ಹೊತ್ತು ಬೇಕು ಅನ್ನೋದು ಅದರ ಮೇಲೆ ನಿಂತಿದೆ. ಖರ್ಚು ಕೂಡ.

ನಮ್ಮ ಕಡೆ ಆರತಕ್ಷತೆ ಹಿಂದಿನ ದಿನ ಸಂಜೆ ಇಟ್ಟುಕೊಳ್ಳುವುದು ಜಾಸ್ತಿ. ರಾತ್ರಿ ಹನ್ನೊಂದಾದರೂ ವೇದಿಕೆ ಮುಂದೆ ಸಾಲು ಕರಗಿರುವುದಿಲ್ಲ. ಮುಹೂರ್ತ ಬೆಳಗ್ಗೆ ಆರಕ್ಕಿದ್ದರೆ ನಾಲ್ಕಕ್ಕೇ ಕ್ಯಾಮೆರಾ ಕೈಯಲ್ಲಿರಬೇಕು. ಆಗ ಫೋಟೋ ತೆಗೆಯುವ ಹುಡುಗರಿಗೆ ಛತ್ರದಲ್ಲೇ ಒಂದು ರೂಮು ಕೊಡಿ. ಮುಹೂರ್ತ ಹತ್ತೂವರೆಗೆ ಅಂದರೆ ಲೆಕ್ಕವೇ ಬೇರೆ. ಕೊಡವರ ಮದುವೆಯಲ್ಲಿ ಪುರೋಹಿತರೇ ಇರುವುದಿಲ್ಲ. ಅಲ್ಲಿ ಮನೆಯ ಹಿರಿಯರನ್ನು ಕೇಳಬೇಕು. ಮುಖ್ಯವಾಗಿ ಗಂಗಾಪೂಜೆ ಯಾವಾಗ ಅಂತ. ನೀರು ಹೊತ್ತ ಮದುಮಗಳ ದಾರಿಗೆ ಅಡ್ಡ ನಿಂತು ಕುಣಿಯುವವರು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಗಂಟೆಗಟ್ಟಲೆ ಆಗುತ್ತದೆ.

"ಒಬ್ಬರೇ ಫೋಟೋಗ್ರಾಫರ್ ಸಾಕಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಅಂತರಪಟ ಸರಿಯುವ ಹೊತ್ತನ್ನು ನೆನಪಿಸಿಕೊಳ್ಳಿ. ಇಬ್ಬರೂ ಜೀರಿಗೆ ಬೆಲ್ಲ ಹಿಡಿದು ನಿಂತಿರುತ್ತಾರೆ. ಬಟ್ಟೆ ಕೆಳಗಿಳಿಯುತ್ತಿದ್ದ ಹಾಗೆ ಒಬ್ಬರ ತಲೆ ಮೇಲೆ ಒಬ್ಬರು ಹಾಕುತ್ತಾರೆ. ಹುಡುಗಿಯ ಮುಖ ಒಂದು ಕಡೆ, ಹುಡುಗನ ಮುಖ ಇನ್ನೊಂದು ಕಡೆ. ಒಬ್ಬನೇ ಇದ್ದರೆ ಯಾರದ್ದೋ ಒಬ್ಬರ ಬೆನ್ನು ತೆಗೆಯಬೇಕು. ತಾಳಿ ಕಟ್ಟುವಾಗ ಇನ್ನೂ ಕಷ್ಟ. ಗಟ್ಟಿಮೇಳ ಶುರುವಾದ ಕೂಡಲೇ ಎಲ್ಲರೂ ಎದ್ದು ಅಕ್ಷತೆ ಹಾಕಲು ಮುಂದೆ ಬರುತ್ತಾರೆ, ಜೊತೆಗೆ ಮೊಬೈಲು. ಅಪ್ಪ ಅಮ್ಮ ಕಣ್ಣೊರೆಸಿಕೊಳ್ಳುವುದೂ ಆಗಲೇ. ಅದನ್ನು ಹಿಡಿಯಲು ಇನ್ನೊಬ್ಬರು ಬೇಕು. ಅದಕ್ಕೇ ಎರಡನೇ ಫೋಟೋಗ್ರಾಫರ್‌ಗೆ ಕೊಡುವ ದುಡ್ಡು ದಂಡ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಹೆಣ್ಣಿನ ಕಡೆಯವರು ಒಂದು ತಂಡ, ಗಂಡಿನ ಕಡೆಯವರು ಇನ್ನೊಂದು ತಂಡ ಕರೆಸುವುದು ಈಗಲೂ ಇದೆ. ಚಿಕ್ಕ ಮಂಟಪದಲ್ಲಿ ನಾಲ್ಕೈದು ಕ್ಯಾಮೆರಾ ಒಂದಕ್ಕೊಂದು ಅಡ್ಡ ನಿಲ್ಲುತ್ತವೆ. ಎರಡೂ ಮನೆಯವರು ಒಮ್ಮೆ ಕೂತು ಮಾತಾಡಿ, ಒಂದೇ ಒಳ್ಳೆಯ ತಂಡ ಹಿಡಿದು ಖರ್ಚು ಹಂಚಿಕೊಳ್ಳಿ. ಆಲ್ಬಮ್ ಎರಡು ಮಾಡಿಸಿ. ಡಿಸೈನ್ ಒಮ್ಮೆ ಆದ ಮೇಲೆ ಎರಡನೇ ಪ್ರತಿಗೆ ಪ್ರಿಂಟು, ಬೈಂಡಿಂಗ್ ಖರ್ಚು ಅಷ್ಟೇ. ಬೀಗರ ಹತ್ತಿರ ಈ ಮಾತು ತೆಗೆಯಲು ಸಂಕೋಚ ಇರುತ್ತದೆ, ಗೊತ್ತು. ನಿಶ್ಚಿತಾರ್ಥದ ಮಾತುಕತೆಯಲ್ಲೇ ಎತ್ತಿದರೆ ಸಲೀಸು.

ಕೈಯಲ್ಲಿ ಒಂದೂವರೆ ಲಕ್ಷ ಇದೆ ಅಂದುಕೊಳ್ಳಿ. ನಾನಾದರೆ ಒಂದು ಲಕ್ಷವನ್ನು ಫೋಟೋ, ವಿಡಿಯೋ ತೆಗೆಯುವವರಿಗೇ ಇಡುತ್ತೇನೆ. ಮೂವತ್ತು ಸಾವಿರ ಆಲ್ಬಮ್‌ಗೆ. ಉಳಿದದ್ದು ಓಡಾಟ, ಹಾರ್ಡ್ ಡಿಸ್ಕ್, ಎಡಿಟಿಂಗ್‌ನಲ್ಲಿ ಹೆಚ್ಚು ಕಮ್ಮಿ ಆದರೆ ಅದಕ್ಕೆ. ಡ್ರೋನ್, ಕ್ರೇನ್, ಪ್ರೀವೆಡ್ಡಿಂಗ್ ಎಲ್ಲ ಆಮೇಲೆ. ಡ್ರೋನ್ ಬೇಕೇ ಬೇಕು ಅಂದರೆ ಛತ್ರ ಇರುವ ಜಾಗ ರೆಡ್ ಝೋನ್‌ನಲ್ಲಿದೆಯಾ ಅಂತ ಮೊದಲು ನೋಡಿಸಿ. 2021ರ ಡ್ರೋನ್ ನಿಯಮದ ಪ್ರಕಾರ ಅಂಥ ಕಡೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಹೇಳಿದ ರೇಟಿನಲ್ಲಿ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. ನೋಂದಣಿ ಇರುವ ಸ್ಟುಡಿಯೋ 18% ಹಾಕುತ್ತದೆ. ಒಂದು ಲಕ್ಷಕ್ಕೆ ಹದಿನೆಂಟು ಸಾವಿರ, ಸಣ್ಣ ಮೊತ್ತ ಅಲ್ಲ.

ಆಷಾಢ, ಧನುರ್ಮಾಸದಲ್ಲಿ ನಮಗೆ ಕೆಲಸ ಇರುವುದಿಲ್ಲ. ಅಧಿಕ ಮಾಸ ಬಂದ ವರ್ಷ ಇನ್ನೂ ಒಂದು ತಿಂಗಳು ಹೋಗುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಮದುವೆಗಳೆಲ್ಲ ಉಳಿದ ಮುಹೂರ್ತಗಳಿಗೇ ಬಂದು ಬೀಳುತ್ತವೆ. ಅಂಥ ದಿನ ಒಂದೇ ಸ್ಟುಡಿಯೋಗೆ ಮೂರು ನಾಲ್ಕು ಮದುವೆ ಇರಬಹುದು, ಹೊರಗಿನಿಂದ ಹುಡುಗರನ್ನು ಕರೆಸುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಮದುವೆಗೆ ಕ್ಯಾಮೆರಾ ಹಿಡಿದು ಬರುವವರು ಯಾರು ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. ಅವರು ತೆಗೆದ ಒಂದು ಪೂರ್ತಿ ಮದುವೆಯ ಫೋಟೋ ನೋಡಿ. ಇನ್‌ಸ್ಟಾಗ್ರಾಮ್‌ನ ಹತ್ತು ಚೆಂದದ ಚಿತ್ರ ನೋಡಿ ತೀರ್ಮಾನ ಮಾಡಬೇಡಿ.

ಒಪ್ಪಿದ್ದನ್ನೆಲ್ಲ ಬರೆಸಿಕೊಳ್ಳಿ, ವಾಟ್ಸಾಪ್‌ನಲ್ಲಾದರೂ ಸರಿ. ಎಷ್ಟು ಜನ, ಆಲ್ಬಮ್‌ನಲ್ಲಿ ಎಷ್ಟು ಶೀಟು, ವಿಡಿಯೋ ಎಷ್ಟು ಉದ್ದ, ಯಾವ ತಿಂಗಳು ಕೊಡುತ್ತಾರೆ. ಫೋಟೋಗಳ ಹಕ್ಕು ಯಾರದ್ದು ಅನ್ನುವುದೂ ಇರಲಿ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದು. ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಹಾಗಾಗಿ ಸಹಿ ಹಾಕುವ ಮೊದಲು ಓದಿ. ನಿಮ್ಮ ಫೋಟೋ ಸ್ಟುಡಿಯೋ ಪೇಜಿನಲ್ಲಿ ಬರುವುದು ಬೇಡ ಅಂದರೆ ಆಗಲೇ ಹೇಳಿಬಿಡಿ.

ಆಲ್ಬಮ್ ತಡವಾಗುವುದು ಹೆಚ್ಚಾಗಿ ಫೋಟೋ ಆರಿಸುವ ಹಂತದಲ್ಲಿ. ಸಾವಿರಾರು ಫೋಟೋ ಇರುತ್ತವೆ, ಮನೆಯಲ್ಲಿ ಎಲ್ಲರದ್ದೂ ಒಂದೊಂದು ಆಸೆ. ಆರಿಸುವ ಕೆಲಸ ಒಬ್ಬರಿಗೇ ವಹಿಸಿ. ಅತ್ತೆ ಮನೆಯ ಕಡೆಯಿಂದ ಯಾರ‍್ಯಾರು ಆಲ್ಬಮ್‌ನಲ್ಲಿ ಬರಲೇಬೇಕು ಅಂತ ಅವರ ಕೈಗೆ ಒಂದು ಪಟ್ಟಿ ಕೊಡಿ. ಬೀಗರ ಊಟ ಮುಗಿದ ವಾರದಲ್ಲೇ ಶುರು ಮಾಡಿಸಿ.