ಒಸಡಿನ ಕಾಯಿಲೆಯಿಂದ ಹಾರ್ಟ್ ಅಟ್ಯಾಕ್ ಆಗುತ್ತಾ, ಡಾಕ್ಟ್ರೇ?

ಕ್ಲೀನಿಂಗಿಗೆ ಬಂದವರು ಬಾಯಿ ಮುಕ್ಕಳಿಸಿ ಕೂತ ಮೇಲೆ ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಯಾರಿಗಾದರೂ ಸ್ಟೆಂಟ್ ಹಾಕಿದ್ದರಂತೂ ಕೇಳದೆ ಹೋಗುವುದಿಲ್ಲ. ಒಸಡಿನ ವೈದ್ಯೆಯಾಗಿ ನನ್ನ ಉತ್ತರ: ಎರಡಕ್ಕೂ ನಂಟು ಇರುವುದು ನಿಜ, ಆದರೆ ಒಸಡೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ. ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಮ್ಮೆ ಇದನ್ನು ಮರೆತು ಜನರ ಬಾಯಿಯನ್ನೇ ಬರಿದು ಮಾಡಿದ್ದಾರೆ.

ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲಬಿ ಮಿಲ್ಲರ್, ಬಾಯಿಯ ಸೂಕ್ಷ್ಮಾಣುಗಳು ದೇಹದ ಬೇರೆ ಕಡೆಗೂ ಸೋಂಕು ಹರಡಬಲ್ಲವು ಎಂದು 1891ರಲ್ಲಿ ಬರೆದರು. ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ, ಕೀವು ತುಂಬಿದ ಬೇರುಗಳ ಮೇಲೆ ಚಿನ್ನದ ಕ್ಯಾಪು, ಬ್ರಿಜ್ಜು ಕೂರಿಸುವವರನ್ನು ತರಾಟೆಗೆ ತೆಗೆದುಕೊಂಡರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಆದರೆ ಅದರ ಬೆನ್ನಿಗೇ ಅಮೆರಿಕದಲ್ಲಿ ಕೀಲುನೋವು ಎಂದು ಬಂದವರಿಗೂ, ಅಲ್ಲಿನ ಸೋಂಕೇ ಕಾಯಿಲೆಯ ಮೂಲ ಎಂದುಕೊಂಡು, ಹಲ್ಲು ಕೀಳುವುದು, ಟಾನ್ಸಿಲ್ ತೆಗೆಯುವುದು ರೂಢಿಯಾಯಿತು. ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯರು ಮಾನಸಿಕ ರೋಗಿಗಳ ಹಲ್ಲುಗಳನ್ನೂ ಕೀಳಿಸಿದರು. ಬೇಡ ಎನ್ನುವ ಶಕ್ತಿಯೂ ಇಲ್ಲದವರ ಮೇಲೆ ನಡೆದದ್ದು ಇದು. ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕೊನೆಗೆ 1938ರಲ್ಲಿ ಸೆಸಿಲ್ ಮತ್ತು ಆಂಜೆವೈನ್ ಎಂಬ ವೈದ್ಯರು 200 ಸಂಧಿವಾತ ರೋಗಿಗಳ ವಿವರ ಕೆದಕಿ ನೋಡಿ, ಹೀಗೆ ಕಿತ್ತುಹಾಕಿದ್ದರಿಂದ ಸಂಧಿವಾತಕ್ಕೆ ಉಪಯೋಗವಾಗಿಲ್ಲ ಎಂದು ತೋರಿಸಿದರು. ಆಮೇಲೆ ಈ ವಿಚಾರ ಎಷ್ಟು ಮೂಲೆಗುಂಪಾಯಿತೆಂದರೆ, ಬಾಯಿಗೂ ಮೈಗೂ ಸಂಬಂಧವೇ ಇಲ್ಲ ಎನ್ನುವ ಹಾಗಾಯಿತು.

ಮತ್ತೆ ಅದು ಎದ್ದು ಬಂದದ್ದು 1989ರಲ್ಲಿ. ಫಿನ್ಲೆಂಡಿನ ಸಂಶೋಧಕರು ಹೃದಯಾಘಾತವಾದ 100 ಜನರ ಬಾಯಿಯನ್ನು 102 ಇತರರ ಬಾಯಿಯೊಂದಿಗೆ ಹೋಲಿಸಿದಾಗ, ಮೊದಲಿನವರ ಹಲ್ಲು, ಒಸಡುಗಳ ಸ್ಥಿತಿ ಹೆಚ್ಚು ಕೆಟ್ಟಿತ್ತು. ಆಮೇಲಿನ ಅನೇಕ ಅಧ್ಯಯನಗಳಲ್ಲೂ ಈ ನಂಟು ಕಂಡಿದೆ. ಆದರೆ ಬೀಡಿ ಸಿಗರೇಟು ಒಸಡನ್ನೂ ಕೆಡಿಸುತ್ತದೆ, ಹೃದಯವನ್ನೂ ಕೆಡಿಸುತ್ತದೆ. ಶುಗರ್ ಕೂಡ ಹಾಗೆಯೇ. ಇವನ್ನೆಲ್ಲ ಲೆಕ್ಕದಿಂದ ಕಳೆದ ಮೇಲೂ ನಂಟು ಉಳಿಯುತ್ತದೆ ನಿಜ. ಒಸಡಿಗೆ ಚಿಕಿತ್ಸೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆ ಎನ್ನುವುದಕ್ಕೆ ಮಾತ್ರ ಪುರಾವೆ ಇಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು.

ನನ್ನ ಹತ್ತಿರ ಬರುವವರಿಗೆ ನಾನು ಹೆಚ್ಚು ಹೊತ್ತು ಹೇಳುವುದು ಸಕ್ಕರೆ ಕಾಯಿಲೆಯ ವಿಷಯ. ಇಲ್ಲಿ ಸಂಬಂಧ ಎರಡೂ ಕಡೆಯಿಂದ ಇದೆ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಒಸಡು ಬೇಗ ಹಾಳಾಗುತ್ತದೆ, ಒಸಡಿನಲ್ಲಿ ಸದಾ ಬಾವು ಇದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ. ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಒಸಡಿನ ಚಿಕಿತ್ಸೆಯಾದ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಶುಗರ್ ಮಟ್ಟ ತೋರಿಸುವ ರಕ್ತಪರೀಕ್ಷೆಯ ಅಂಕಿ) ಸರಾಸರಿ 0.4ರಷ್ಟು ಇಳಿಯುತ್ತದೆ. 8.2 ಇದ್ದದ್ದು 7.8 ಆದಂತೆ. ಕಡಿಮೆ ಅನ್ನಿಸಬಹುದು, ಆದರೆ ಶುಗರ್ ಇರುವವರಿಗೆ ಅದರ ಬೆಲೆ ಗೊತ್ತು.

ಒಸಡಿನ ಸ್ಥಿತಿ ನೋಡಲು ನಾವು ಮಿಲಿಮೀಟರ್ ಗೆರೆಗಳಿರುವ ತೆಳುವಾದ ಕಡ್ಡಿಯನ್ನು ಹಲ್ಲು, ಒಸಡಿನ ಸಂದಿಗೆ ಮೆಲ್ಲಗೆ ಇಳಿಸುತ್ತೇವೆ. ಮೂರು ಮಿಲಿಮೀಟರ್‌ವರೆಗೆ ಇಳಿದರೆ ಸರಿ. ಆರಕ್ಕೆ ಇಳಿದು, ಕಡ್ಡಿ ತೆಗೆದ ಕೂಡಲೇ ರಕ್ತ ಜಿನುಗಿದರೆ ಒಳಗೆ ಮೂಳೆ ಕರಗಿದೆ ಎಂದೇ ನನ್ನ ಅನುಮಾನ. ಧೂಮಪಾನ ಮಾಡುವವರಲ್ಲಿ ರಕ್ತ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಒಸಡು ಚೆನ್ನಾಗಿದೆ ಎಂದು ಅವರು ನಂಬಿರುತ್ತಾರೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯವೂ ಬೇಡ. ಪಾಚಿ ತೆಗೆದಾಗ ಮೊದಲೇ ಆಗಿದ್ದ ಸಡಿಲ ಕಾಣುತ್ತದೆ, ಅಷ್ಟೇ.

ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರ ವಿಷಯ ಬೇರೆ. ಒಸಡಿನಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಆ ಕವಾಟದ ಮೇಲೆ ನೇರವಾಗಿ ಸೋಂಕು ಹುಟ್ಟಿಸಬಹುದು. ಅಂಥವರು ಹಲ್ಲಿನ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ, ಆಂಟಿಬಯಾಟಿಕ್ ಕೊಟ್ಟೇ ಕೆಲಸ ಶುರುಮಾಡಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಿ ಬರಬೇಡಿ.